ಎರವಲು ತಂದ ಮಿನಿ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಕೈಕೊಟ್ಟಾಗ: ಹೊರಗಿನಿಂದ ಒಳಕ್ಕೆ ಹೋಗುವ ತಪಾಸಣೆ

ಬೆಂಗಳೂರಿನ ಸುತ್ತ, ದೇವನಹಳ್ಳಿಯಿಂದ ಆನೇಕಲ್‌ವರೆಗೆ, ಮಾಗಡಿಯಿಂದ ಹೊಸಕೋಟೆಯವರೆಗೆ, ಎರಡು ಮೂರು ಎಕರೆ ಜಮೀನು ಇರುವವರಲ್ಲಿ ಹೆಚ್ಚಿನವರು ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಳ್ಳುವುದಿಲ್ಲ. ದ್ರಾಕ್ಷಿ ಸಾಲುಗಳ ನಡುವೆ ನುಗ್ಗಬಲ್ಲ, ಹೂವಿನ ತೋಟದ ಮೂಲೆಯಲ್ಲಿ ತಿರುಗಬಲ್ಲ 20ರಿಂದ 30 ಎಚ್‌ಪಿ ಮಿನಿ ಟ್ರ್ಯಾಕ್ಟರನ್ನು ನೆರೆಯವರಿಂದಲೋ ನೆಂಟರಿಂದಲೋ ಒಂದೆರಡು ದಿನಕ್ಕೆ ಕೇಳಿ ತರುವುದೇ ರೂಢಿ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿರುವಾಗಲೇ ಹಿಂದೆ ಕಟ್ಟಿದ ಉಪಕರಣವನ್ನು ಎತ್ತಿ ಇಳಿಸುವ ಆ ಗಾಡಿಯ ಹೈಡ್ರಾಲಿಕ್ ಲಿಫ್ಟು ಮೇಲೇಳದೆ ಹೋದರೆ, ಅಥವಾ ಎತ್ತಿದ ರೋಟವೇಟರ್ ತಾನಾಗಿಯೇ ಇಳಿಯತೊಡಗಿದರೆ, ಒಂದು ಕಡೆ ಹದ ತಪ್ಪುವ ಆತಂಕ, ಇನ್ನೊಂದು ಕಡೆ ಬೇರೆಯವರ ವಸ್ತುವನ್ನು ಕೆಡಿಸಿದೆವೇನೋ ಎಂಬ ಅಳುಕು. ಈ ಎರಡರ ನಡುವೆ ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಯಾವುದೋ ಬೋಲ್ಟ್ ಬಿಚ್ಚುವವರೇ ಹೆಚ್ಚು.

ಸ್ವಂತ ಗಾಡಿಯಾದರೆ ಬಿಚ್ಚಿ ನೋಡಿ ಕಲಿಯಬಹುದು. ಎರವಲು ಗಾಡಿಯಲ್ಲಿ ತಪಾಸಣೆಯ ಕ್ರಮವೇ ಬೇರೆಯಾಗಬೇಕು: ಮುಟ್ಟಿದ್ದನ್ನು ಇದ್ದ ಸ್ಥಿತಿಗೆ ಮರಳಿಸಲು ಆಗುವಂತಹವು ಮೊದಲು, ಮಾಲೀಕರ ಒಪ್ಪಿಗೆ ಬೇಕಾದವು ಆಮೇಲೆ, ಸೀಲ್ ಒಡೆದು ಒಳಗೆ ಕೈಹಾಕುವ ಕೆಲಸ ನಮ್ಮದಲ್ಲವೇ ಅಲ್ಲ. ಈ ಕ್ರಮ ಕೇವಲ ಮರ್ಯಾದೆಯ ಮಾತಲ್ಲ. ಲಿಫ್ಟಿನ ದೂರುಗಳಲ್ಲಿ ಬಹುಪಾಲು ಲಿವರ್, ನಾಬ್, ಆಯಿಲ್ ಮಟ್ಟ, ಫಿಲ್ಟರ್ ಮತ್ತು ಹೋಸ್ ಎಂಬ ಹೊರಗಿನ ಐದು ಜಾಗಗಳಲ್ಲೇ ಬಗೆಹರಿಯುತ್ತವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಹೊರಗಿನಿಂದ ಒಳಕ್ಕೆ ಹೋಗುವ ಹಾದಿಯೇ ಹತ್ತಿರದ ಹಾದಿಯೂ ಹೌದು.

ಒಳಗೆ ನಡೆಯುವುದೇನು

ಲಕ್ಷಣ ನೋಡಿ ಕಾರಣ ಊಹಿಸಬೇಕಾದರೆ ಆಯಿಲ್ ಸಾಗುವ ದಾರಿ ಮನಸ್ಸಿನಲ್ಲಿರಬೇಕು. ಬಹುತೇಕ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್‌ಗೆಂದು ಪ್ರತ್ಯೇಕ ಟ್ಯಾಂಕ್ ಇರುವುದಿಲ್ಲ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಇರುವ ಹೌಸಿಂಗಿನ ಆಯಿಲ್ಲೇ ಹೈಡ್ರಾಲಿಕ್ ಆಯಿಲ್ ಕೂಡ ಆಗಿರುತ್ತದೆ. ಅಲ್ಲಿಂದ ಅದು ಪಂಪು ಆಯಿಲ್ ಹೀರುವ ದಾರಿಯ ಸಕ್ಷನ್ ಫಿಲ್ಟರ್ ದಾಟಿ ಗೇರ್ ಪಂಪಿಗೆ, ಪಂಪಿನಿಂದ ಲಿವರ್ ಆಡಿಸಿದಂತೆ ಆಯಿಲಿನ ದಾರಿ ಬದಲಿಸುವ ಕಂಟ್ರೋಲ್ ವಾಲ್ವಿಗೆ, ಅಲ್ಲಿಂದ ಸೀಟಿನ ಕೆಳಗಿರುವ ಲಿಫ್ಟ್ ಸಿಲಿಂಡರಿಗೆ ಹೋಗುತ್ತದೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲನ್ನು ಹೌಸಿಂಗಿಗೆ ಹಿಂದಿರುಗಿಸುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದು, ಲಿಫ್ಟ್ ಸಿಲಿಂಡರ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಆಯಿಲ್ ಎತ್ತುತ್ತದೆ, ಇಳಿಸುವುದು ಉಪಕರಣದ ಸ್ವಂತ ತೂಕ. ಹಿಂದೆ ಏನೂ ಕಟ್ಟದೆ ಬರಿಯ ಲಿಫ್ಟ್ ತೋಳುಗಳನ್ನು ಇಳಿಸಿ ನೋಡಿ, ಅವು ನಿಧಾನವಾಗಿ ಇಳಿದರೆ ಅದನ್ನು ದೋಷವೆಂದು ಎಣಿಸಬಾರದು. ಗುಂಡಿ ತೋಡುವ ಆಗರ್ ಗಟ್ಟಿ ನೆಲಕ್ಕೆ ಇಳಿಯುತ್ತಿಲ್ಲವೆಂದು ಲಿಫ್ಟನ್ನು ದೂರುವುದೂ ತಪ್ಪು. ಜೆಸಿಬಿಯಂತೆ ಕೆಳಕ್ಕೆ ಒತ್ತುವ ಶಕ್ತಿ ಈ ಲಿಫ್ಟಿಗೆ ಇಲ್ಲ. ಎರಡು, ಎಷ್ಟು ವೇಗವಾಗಿ ಎತ್ತುತ್ತದೆ ಎಂಬುದು ಆಯಿಲಿನ ಹರಿವಿನಿಂದ ನಿರ್ಧಾರವಾಗುತ್ತದೆ, ಎಷ್ಟು ಭಾರ ಎತ್ತುತ್ತದೆ ಎಂಬುದು ಒತ್ತಡದಿಂದ. ಖಾಲಿ ತೋಳುಗಳೂ ನಿಧಾನ, ಭಾರವೂ ನಿಧಾನ ಎಂದಾದರೆ ಹರಿವು ಕಡಿಮೆ. ಹಗುರವಾದದ್ದು ಸಲೀಸಾಗಿ ಎದ್ದು, ಭಾರವಾದದ್ದು ಅರ್ಧಕ್ಕೆ ನಿಂತರೆ ಒತ್ತಡ ಸಾಲುತ್ತಿಲ್ಲ. ಮುಂದಿನ ಎಲ್ಲಾ ಪರೀಕ್ಷೆಗಳೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಕೈಹಾಕುವ ಮೊದಲು ಫೋನ್

ತೊಂದರೆ ಕಂಡ ಕೂಡಲೇ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಗಂಟೆ ತೋರಿಸುವ ಮೀಟರ್, ಡಿಪ್‌ಸ್ಟಿಕ್, ಹಿಂಭಾಗದ ಲಿವರ್‌ಗಳ ಸ್ಥಾನ, ಜಿನುಗು ಇರುವ ಜಾಗ ಇವಿಷ್ಟರ ಫೋಟೊ ತೆಗೆಯಿರಿ. ಲಿಫ್ಟ್ ಹೇಗೆ ವರ್ತಿಸುತ್ತಿದೆ ಎಂಬುದರ ಅರ್ಧ ನಿಮಿಷದ ವಿಡಿಯೊ, ಶಬ್ದ ಸಹಿತ, ಮಾಲೀಕರಿಗೂ ಮೆಕ್ಯಾನಿಕ್‌ಗೂ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಮಾಲೀಕರಿಗೆ ಫೋನ್ ಮಾಡಿ. ಮಾತು ಹೀಗಿದ್ದರೆ ಸಾಕು: “ಅಣ್ಣ, ಲಿಫ್ಟು ಸ್ವಲ್ಪ ತೊಂದ್ರೆ ಕೊಡ್ತಾ ಇದೆ. ನಿಮ್ಮ ಹತ್ರ ಇದ್ದಾಗ್ಲೂ ಹಿಂಗೇ ಇತ್ತಾ? ಹಿಂದಿನ ಸಲ ಯಾವ ಆಯಿಲ್ ಹಾಕಿಸಿದ್ರಿ? ಸೀಟ್ ಕೆಳಗಿನ ನಾಬ್ ಎಷ್ಟು ಸುತ್ತಲ್ಲಿ ಇಡ್ತೀರಿ?” ಅನೇಕ ಸಲ ಆ ಕಡೆಯಿಂದ “ಓ, ಅದಾ? ಬೆಳಿಗ್ಗೆ ಹಂಗೇ ಮಾಡತ್ತೆ, ಬಿಸಿ ಆದ್ಮೇಲೆ ಸರಿಹೋಗತ್ತೆ ಬಿಡಿ” ಎಂಬ ಉತ್ತರ ಬರುತ್ತದೆ. ಆ ಒಂದು ವಾಕ್ಯದಲ್ಲಿ ಎಷ್ಟು ಮಾಹಿತಿ ಇದೆ ಎಂಬುದನ್ನು ಮುಂದೆ ನೋಡೋಣ. ಗಾಡಿ ಇನ್ನೂ ವಾರಂಟಿಯಲ್ಲಿದೆಯೇ ಎಂದೂ ಕೇಳಿಕೊಳ್ಳಿ. ವಾರಂಟಿ ಇರುವ ಗಾಡಿಯಲ್ಲಿ ಹೊರಗಿನವರು ಬಿಚ್ಚಿದ ಗುರುತು ಕಂಡರೆ ಮಾಲೀಕರಿಗೆ ನಷ್ಟವಾಗಬಹುದು.

ಜೀವಕ್ಕೆ ಸಂಬಂಧಿಸಿದ ಮೂರು ಮಾತು

ಎತ್ತಿ ನಿಂತಿರುವ ಉಪಕರಣದ ಕೆಳಗೆ ಕೈಯನ್ನೂ ಹಾಕಬಾರದು. ಅದನ್ನು ಮೇಲೆ ಹಿಡಿದಿರುವುದು ಒಂದು ರಬ್ಬರ್ ಸೀಲ್ ಮತ್ತು ಅದರ ಹಿಂದಿನ ಆಯಿಲ್ ಮಾತ್ರ. ಪರೀಕ್ಷೆಗೆ ಮೊದಲು ಉಪಕರಣ ನೆಲಕ್ಕೆ, ಪಿಟಿಒ (ಉಪಕರಣವನ್ನು ತಿರುಗಿಸುವ ಹಿಂಭಾಗದ ಶಾಫ್ಟ್) ನ್ಯೂಟ್ರಲ್‌ಗೆ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿ ಕೀಲಿ ಜೇಬಿಗೆ. ಉಪಕರಣ ಮೇಲೇ ಸಿಕ್ಕಿಕೊಂಡಿದ್ದರೆ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಕೂರಿಸಿ ಆಧಾರ ಕೊಡಿ. ನಮ್ಮಲ್ಲಿ ಎಲ್ಲೆಂದರಲ್ಲಿ ಸಿಗುವ ಸಿಮೆಂಟ್ ಬ್ಲಾಕ್ ಮತ್ತು ಇಟ್ಟಿಗೆಯನ್ನು ಇದಕ್ಕೆ ಬಳಸಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಎರಡನೆಯದು, ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಕಾರಿನ ಟೈರಿನಲ್ಲಿರುವ ಒತ್ತಡ ಸುಮಾರು 2 ಬಾರ್. ಟ್ರ್ಯಾಕ್ಟರಿನ ಲಿಫ್ಟ್ ಲೈನಿನಲ್ಲಿ ಭಾರ ಎತ್ತುವಾಗ 100 ಬಾರ್ ದಾಟುವುದು ಸಾಮಾನ್ಯ. ಹೋಸ್ ಪೈಪಿನ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು ಕಾಣಬಹುದು, ನೋವೂ ಮೊದಲಿಗೆ ಅಷ್ಟಾಗಿ ಇರದಿರಬಹುದು, ಆದರೆ ಒಳಗಿನ ಅಂಗಾಂಶ ಕೊಳೆಯತೊಡಗಿ ಬೆರಳು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಹಾಗಾದರೆ ತಡಮಾಡದೆ 108ಕ್ಕೆ ಕರೆ ಮಾಡಿ ಅಥವಾ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರ ಹೋಗಿ, “ಒತ್ತಡದಲ್ಲಿದ್ದ ಹೈಡ್ರಾಲಿಕ್ ಆಯಿಲ್ ಚರ್ಮದೊಳಗೆ ಹೋಗಿದೆ” ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ಉದ್ದದ ಕೋಲಿಗೆ ಸಿಕ್ಕಿಸಿ ಹೋಸ್ ಉದ್ದಕ್ಕೂ ಸರಿಸಿದರೆ ಸಾಕು. ಒದ್ದೆ ಗುರುತು ತಾನೇ ಮೂಡುತ್ತದೆ.

ಮೂರನೆಯದು, ಎಂಜಿನ್ ನಿಲ್ಲಿಸಿದ ಮಾತ್ರಕ್ಕೆ ಪೈಪಿನೊಳಗಿನ ಒತ್ತಡ ಹೋಗುವುದಿಲ್ಲ. ಉಪಕರಣ ಇಳಿಸಿ, ಎಂಜಿನ್ ನಿಲ್ಲಿಸಿ, ಎಲ್ಲಾ ಹೈಡ್ರಾಲಿಕ್ ಲಿವರ್‌ಗಳನ್ನು ಎರಡೂ ಕಡೆಗೆ ನಾಲ್ಕಾರು ಬಾರಿ ಆಡಿಸಿದ ಮೇಲೆಯೇ ಯಾವುದಾದರೂ ಜೋಡಣೆಯನ್ನು ಸಡಿಲಿಸಬೇಕು.

ಮೊದಲ ಹಂತ: ಲಿವರ್ ಮತ್ತು ನಾಬ್

ಬೇರೆಯವರ ಗಾಡಿಯಲ್ಲಿ ಯಾವ ಲಿವರ್ ಯಾವುದಕ್ಕೆ ಎಂಬ ಗೊಂದಲವೇ ಅರ್ಧ ರೋಗ. ಸಾಮಾನ್ಯವಾಗಿ ಸೀಟಿನ ಬಲಗಡೆ ಎರಡು ಲಿವರ್ ಇರುತ್ತವೆ. ಪೊಸಿಷನ್ ಕಂಟ್ರೋಲ್ ಲಿವರ್ ಉಪಕರಣವನ್ನು ನೀವು ಹೇಳಿದ ಎತ್ತರದಲ್ಲಿ ನಿಲ್ಲಿಸುತ್ತದೆ. ಡ್ರಾಫ್ಟ್ ಕಂಟ್ರೋಲ್ ಲಿವರ್ ಮಣ್ಣಿನ ಎಳೆತವನ್ನು ಗ್ರಹಿಸಿ, ಎಳೆತ ಹೆಚ್ಚಾದಾಗ ನೇಗಿಲನ್ನು ತುಸು ಎತ್ತಿ, ಕಡಿಮೆಯಾದಾಗ ಇಳಿಸುತ್ತದೆ. ಡ್ರಾಫ್ಟ್ ಲಿವರ್ ಸರಿಯಾದ ಸ್ಥಾನದಲ್ಲಿ ಇಲ್ಲದಿದ್ದರೆ ಉಪಕರಣ ಉಳುವಾಗ ತಾನಾಗಿ ಏಳುತ್ತಾ ಬೀಳುತ್ತಾ ಸಾಗುತ್ತದೆ, ಇಲ್ಲವೇ ಮಣ್ಣಿಗೆ ಇಳಿಯುವುದೇ ಇಲ್ಲ. ಇದನ್ನು ನೋಡಿ “ವಾಲ್ವ್ ಹೋಗಿದೆ” ಎಂದು ತೀರ್ಮಾನಿಸಿದವರು ಕಡಿಮೆಯೇನಲ್ಲ. ರೋಟವೇಟರ್‌ಗೆ ಪೊಸಿಷನ್ ಕಂಟ್ರೋಲ್ ಸರಿ. ಡ್ರಾಫ್ಟ್ ಲಿವರನ್ನು ಕೈಪಿಡಿ ಹೇಳುವಂತೆ ಅದರ ಕೆಲಸ ನಿಲ್ಲುವ ತುದಿಗೆ ಇಡಬೇಕು. ಡ್ರಾಫ್ಟ್ ಕಂಟ್ರೋಲೇ ಇಲ್ಲದ ಮಾದರಿಗಳೂ ಇವೆ ಎಂಬುದು ನೆನಪಿರಲಿ.

ಇನ್ನು ಸೀಟಿನ ಮುಂದೆ, ಕೆಳಭಾಗದಲ್ಲಿ, ಕೆಂಪುಮಣ್ಣಿನ ಧೂಳು ಮೆತ್ತಿಕೊಂಡು ಕಾಣಿಸದಂತೆ ಕುಳಿತಿರುವ ದುಂಡನೆಯ ನಾಬ್. ಇಳಿಯುವ ವೇಗವನ್ನು ನಿಯಂತ್ರಿಸುವುದು ಇದರ ಕೆಲಸ. ಇದನ್ನು ಪೂರ್ತಿ ಬಿಗಿದರೆ ಸಿಲಿಂಡರಿನ ಆಯಿಲ್ ಹೊರಬರುವ ದಾರಿಯೇ ಮುಚ್ಚಿ, ಉಪಕರಣ ಎಷ್ಟು ಭಾರವಿದ್ದರೂ ಇಳಿಯುವುದಿಲ್ಲ. ರಸ್ತೆಯಲ್ಲಿ ಗಾಡಿ ಓಡಿಸುವಾಗ ಉಪಕರಣ ಬೀಳದಿರಲೆಂದು ಹೀಗೆ ಬಿಗಿಯುವುದು ಸರಿಯಾದ ಅಭ್ಯಾಸವೇ. ಮಾಲೀಕರು ಹಾಗೆ ಬಿಗಿದು ಕಳಿಸಿರುತ್ತಾರೆ, ಸಡಿಲಿಸಬೇಕೆಂದು ಹೇಳಲು ಮರೆತಿರುತ್ತಾರೆ. “ಎತ್ತುತ್ತದೆ, ಇಳಿಯುವುದಿಲ್ಲ” ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ. ಸಡಿಲಿಸುವ ಮೊದಲು ಒಮ್ಮೆ ಪೂರ್ತಿ ಬಿಗಿದು, ಅದಕ್ಕೆ ಎಷ್ಟು ಸುತ್ತು ಬೇಕಾಯಿತೆಂದು ಎಣಿಸಿ ಬರೆದಿಟ್ಟುಕೊಂಡರೆ ಹಿಂದಿರುಗಿಸುವಾಗ ಇದ್ದ ಹಾಗೆ ಇಡಬಹುದು. ಒಂದೇ ಬಾರಿಗೆ ಪೂರ್ತಿ ತೆರೆಯಬೇಡಿ, ಭಾರದ ಉಪಕರಣ ದಢಾರನೆ ಬೀಳುತ್ತದೆ.

ಟ್ರೇಲರ್ ಎತ್ತಲು ಹಿಂದೆ ಪ್ರತ್ಯೇಕ ಹೈಡ್ರಾಲಿಕ್ ಔಟ್‌ಲೆಟ್ ಇರುವ ಗಾಡಿಗಳಲ್ಲಿ, ಆಯಿಲ್ ಲಿಫ್ಟಿಗೆ ಹೋಗಬೇಕೋ ಔಟ್‌ಲೆಟ್‌ಗೆ ಹೋಗಬೇಕೋ ಎಂದು ಬದಲಿಸುವ ಲಿವರ್ ಅಥವಾ ನಾಬ್ ಕೆಲವು ಮಾದರಿಗಳಲ್ಲಿದೆ. ನಿನ್ನೆ ಯಾರೋ ಟ್ರೇಲರಿನಲ್ಲಿ ಗೊಬ್ಬರ ಸುರಿದು ಅದನ್ನು ಹಾಗೆಯೇ ಬಿಟ್ಟಿದ್ದರೆ ಇಂದು ಲಿಫ್ಟು ಅಲುಗಾಡುವುದಿಲ್ಲ. ಟ್ರೇಲರಿನ ಹೋಸನ್ನು ಔಟ್‌ಲೆಟ್‌ಗೆ ಸಿಕ್ಕಿಸುವ ಕ್ವಿಕ್ ಕಪ್ಲರ್ ಅರ್ಧ ಕುಳಿತಿದ್ದರೆ ಟ್ರೇಲರ್ ಏಳುವುದಿಲ್ಲ, ಎದ್ದರೂ ಇಳಿಯುವುದಿಲ್ಲ. ಒತ್ತಡ ಬಿಡಿಸಿ, ತುದಿಗಳನ್ನು ಒರೆಸಿ, “ಟಕ್” ಎನ್ನುವವರೆಗೆ ಒತ್ತಬೇಕು.

ಹಳೆಯ ವಿನ್ಯಾಸದ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಪಂಪು ಪಿಟಿಒ ಶಾಫ್ಟಿನಿಂದ ತಿರುಗುತ್ತದೆ. ಅಲ್ಲಿ ಪಿಟಿಒ ಲಿವರ್ ಹಾಕದೆ, ಅಥವಾ ಕ್ಲಚ್ ಪೂರ್ತಿ ಒತ್ತಿದಾಗ, ಲಿಫ್ಟ್ ಏಳುವುದಿಲ್ಲ. ಅದು ಆ ಗಾಡಿಯ ಸ್ವಭಾವ.

ಎರಡನೆಯ ಹಂತ: ಗಾಡಿಯ ಯೋಗ್ಯತೆ ಮತ್ತು ಉಪಕರಣದ ತೂಕ

ಈ ವರ್ಗದ ಹಲವು ಗಾಡಿಗಳ ಎತ್ತುವ ಸಾಮರ್ಥ್ಯ 750 ಕಿಲೋ ಎಂದು ಬರೆದಿರುತ್ತದೆ. ಆ ಅಂಕಿ ಲೋಯರ್ ಲಿಂಕುಗಳ, ಅಂದರೆ ಉಪಕರಣ ಕಟ್ಟುವ ಕೆಳಗಿನ ಎರಡು ತೋಳುಗಳ, ತುದಿಯ ಗುಂಡುಗಳ ಬಳಿ ಅಳೆದದ್ದು. ಉಪಕರಣದ ಭಾರಕೇಂದ್ರ ಹಿಂದಕ್ಕೆ ಹೋದಷ್ಟೂ ಎತ್ತಬಲ್ಲ ತೂಕ ಇಳಿಯುತ್ತದೆ. ಅದಕ್ಕಾಗಿಯೇ ಪರೀಕ್ಷಾ ವರದಿಗಳಲ್ಲಿ ತುದಿಯಿಂದ 610 ಮಿಲಿಮೀಟರ್ ಹಿಂದೆ ಅಳೆದ ಅಂಕಿಯನ್ನೂ ಬೇರೆಯಾಗಿ ಕೊಡುತ್ತಾರೆ. ದೊಡ್ಡ ಟ್ರ್ಯಾಕ್ಟರಿನ ಕಲ್ಟಿವೇಟರನ್ನು ಇದಕ್ಕೆ ಕಟ್ಟಿ, ಅದರ ಮೇಲೆ ಎರಡು ಮೂಟೆ ಮಣ್ಣು ಹೇರಿ, ಎತ್ತಲಿಲ್ಲವೆಂದರೆ ಅದು ಹೈಡ್ರಾಲಿಕ್ ದೋಷವಲ್ಲ. ಇದೇ ಉಪಕರಣವನ್ನು ಮಾಲೀಕರು ಇದೇ ಗಾಡಿಯಿಂದ ಎತ್ತಿದ್ದರೇ ಎಂದು ಕೇಳುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ಉಪಕರಣ ಕಳಚಿ ಖಾಲಿ ತೋಳುಗಳನ್ನೂ ಒಮ್ಮೆ ಎತ್ತಿ ನೋಡಿ. ಹರಿವು ಕಡಿಮೆಯೋ ಒತ್ತಡ ಕಡಿಮೆಯೋ ಎಂಬುದು ಅಲ್ಲೇ ತಿಳಿಯುತ್ತದೆ.

ಮೂರನೆಯ ಹಂತ: ಆಯಿಲ್

ಮಟ್ಟ ನೋಡುವುದಕ್ಕೂ ಒಂದು ಶಿಸ್ತು ಇದೆ. ಗಾಡಿ ಸಮತಟ್ಟಾಗಿರಬೇಕು, ಲಿಫ್ಟ್ ಪೂರ್ತಿ ಇಳಿದಿರಬೇಕು, ಎಂಜಿನ್ ನಿಂತು ಐದು ಹತ್ತು ನಿಮಿಷವಾದರೂ ಆಗಿರಬೇಕು. ಲಿಫ್ಟ್ ಮೇಲಿದ್ದಾಗ ನೋಡಿದರೆ ಸಿಲಿಂಡರಿನಲ್ಲಿರುವ ಆಯಿಲ್ ಲೆಕ್ಕಕ್ಕೆ ಸಿಗದೆ, ಕಡಿಮೆ ಇದೆಯೆಂದು ಭಾವಿಸಿ ಹೆಚ್ಚು ಸುರಿದುಬಿಡುತ್ತೇವೆ. ಡಿಪ್‌ಸ್ಟಿಕ್ ಅಥವಾ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದು ಒರೆಸಬೇಕು. ಒರೆಸಲು ನೂಲು ಬಿಡುವ ಕಾಟನ್ ವೇಸ್ಟ್‌ಗಿಂತ ಗ್ಯಾರೇಜಿನವರು ಬಳಸುವ ಬನಿಯನ್ ವೇಸ್ಟ್ ಉತ್ತಮ. ಒಂದು ಎಳೆ ನೂಲು ವಾಲ್ವಿನೊಳಗೆ ಜಾರುವ ಸ್ಪೂಲಿಗೆ ಸಿಕ್ಕಿಕೊಂಡರೂ ಹೊಸ ತೊಂದರೆ ಹುಟ್ಟುತ್ತದೆ.

ಡಿಪ್‌ಸ್ಟಿಕ್ ಮೇಲಿನ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಜೇನಿನ ಬಣ್ಣದಲ್ಲಿ ತಿಳಿಯಾಗಿದ್ದರೆ ಸಮಾಧಾನ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಬೆಂಗಳೂರಿನ ಕಡೆ ಮೇ ತಿಂಗಳ ಗುಡುಗು ಮಳೆಯಿಂದ ಅಕ್ಟೋಬರ್‌ವರೆಗೂ ಮಳೆ ಬಿಟ್ಟು ಬಿಟ್ಟು ಬರುವುದರಿಂದ, ಬಯಲಿನಲ್ಲಿ ನಿಂತ ಗಾಡಿಗಳಿಗೆ ಗೇರ್ ಲಿವರಿನ ರಬ್ಬರ್ ಬೂಟು ಹರಿದ ಜಾಗದಿಂದಲೂ ಹೌಸಿಂಗಿಗೆ ಗಾಳಿಯಾಡುವ ಬ್ರೀದರ್‌ನಿಂದಲೂ ನೀರು ಇಳಿಯುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಜೋರು ನೀರು ಹಾಯಿಸಿ ತೊಳೆಸಿದಾಗಲೂ ಇದು ಆಗುತ್ತದೆ. ನೀರಿದೆಯೋ ಬರಿಯ ನೊರೆಯೋ ಎಂಬ ಅನುಮಾನ ಬಂದರೆ ಎರಡು ಸುಲಭ ಪರೀಕ್ಷೆಗಳಿವೆ. ಸ್ವಲ್ಪ ಆಯಿಲನ್ನು ಪಾರದರ್ಶಕ ಬಾಟಲಿಯಲ್ಲಿ ಹಾಕಿ ಒಂದು ಗಂಟೆ ಇಟ್ಟರೆ ಗಾಳಿಯ ನೊರೆ ಮೇಲೆ ಬಂದು ಆಯಿಲ್ ತಿಳಿಯಾಗುತ್ತದೆ, ನೀರು ಬೆರೆತಿದ್ದರೆ ಮಸುಕು ಹಾಗೆಯೇ ಉಳಿಯುತ್ತದೆ. ಅಥವಾ ಅಡುಗೆಗೆ ಬಳಸದ ಹಳೆಯ ತಗಡನ್ನು ಚೆನ್ನಾಗಿ ಕಾಯಿಸಿ ಅದರ ಮೇಲೆ ಒಂದು ಹನಿ ಬಿಡಿ: ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿದರೆ ನೀರಿದೆ. ಮುಖ ದೂರವಿರಲಿ, ಕನ್ನಡಕ ಇರಲಿ.

ನೀರು ಸೇರಿದ ಆಯಿಲಿನಲ್ಲಿ ಕೆಲಸ ಮುಂದುವರಿಸಬೇಡಿ. ಪಂಪಿಗೂ ಗೇರುಗಳ ಬೇರಿಂಗಿಗೂ ಅದು ಸಮಾನ ಶತ್ರು. ಸುಟ್ಟ ವಾಸನೆಯ ಕಪ್ಪು ಆಯಿಲ್ ಅತಿಯಾಗಿ ಬಿಸಿಯಾದದ್ದರ ಗುರುತು. ಬೆರಳುಗಳ ನಡುವೆ ಉಜ್ಜಿದಾಗ ಬಿಸಿಲಿನಲ್ಲಿ ಮಿನುಗುವ ಲೋಹದ ಕಣ ಕಂಡರೆ ಅಲ್ಲಿಗೆ ತಪಾಸಣೆ ನಿಲ್ಲಿಸಿ ಮಾಲೀಕರಿಗೆ ತಿಳಿಸಬೇಕು.

ಮಟ್ಟ ಕಡಿಮೆಯಿದ್ದರೆ ಏನು ಹಾಕಬೇಕು ಎಂಬುದರಲ್ಲಿ ಎರವಲು ತಂದವರು ಹೆಚ್ಚು ಎಡವುತ್ತಾರೆ. ಹೌಸಿಂಗಿನ ಆಯಿಲ್ ಗೇರು, ಹೈಡ್ರಾಲಿಕ್ ಎರಡನ್ನೂ ನೋಡಿಕೊಳ್ಳುತ್ತದೆ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಗಳಲ್ಲಿ ಬ್ರೇಕ್ ಪ್ಲೇಟುಗಳನ್ನೂ ಅದೇ ನೆನೆಸುತ್ತದೆ. ಅದಕ್ಕೆಂದೇ ತಯಾರಾದ ಯುಟಿಟಿಒ ವರ್ಗದ ಟ್ರ್ಯಾಕ್ಟರ್ ಆಯಿಲ್ ಇದೆ. ಅದರ ಬದಲು ಹತ್ತಿರದ ಅಂಗಡಿಯಲ್ಲಿ ಸಿಕ್ಕಿತೆಂದು ಎಂಜಿನ್ ಆಯಿಲನ್ನೋ, ಜೆಸಿಬಿಗೆ ಹಾಕುವ ಬರಿಯ ಹೈಡ್ರಾಲಿಕ್ ಆಯಿಲನ್ನೋ ಸುರಿದರೆ ಲಿಫ್ಟ್ ಆ ದಿನಕ್ಕೆ ಎದ್ದೀತು, ಆದರೆ ಬ್ರೇಕ್ ಕಿರುಗುಟ್ಟಲು ಅಥವಾ ಜಾರಲು ಆರಂಭಿಸಿದಾಗ ಗಾಡಿ ಮಾಲೀಕರ ಮನೆಯಲ್ಲಿರುತ್ತದೆ. ಕೈಪಿಡಿಯಲ್ಲಿ ಬರೆದ ದರ್ಜೆಯನ್ನೇ, ಮಾಲೀಕರನ್ನು ಕೇಳಿಯೇ ಹಾಕಿ. ಆಯಿಲ್ ಎಲ್ಲಿಗೆ ಹೋಯಿತು ಎಂದೂ ಹುಡುಕಿ: ನೆಲದ ಮೇಲೆ ಕಲೆ, ಆಕ್ಸಲ್ ತುದಿಯಲ್ಲಿ ಜಿನುಗು, ಅಥವಾ ಟ್ರೇಲರಿನ ಜಾಕ್ ಒಳಗೆ ಉಳಿದದ್ದು.

ನಾಲ್ಕನೆಯ ಹಂತ: ಕಿವಿಗೊಟ್ಟು ಕೇಳುವುದು

ಪಂಪು ಏನು ಹೇಳುತ್ತಿದೆ ಎಂಬುದನ್ನು ಲಿಫ್ಟ್ ನಿಂತಾಗ, ಏಳುವಾಗ, ತುದಿ ತಲುಪಿದಾಗ ಎಂದು ಮೂರು ಹೊತ್ತಿನಲ್ಲಿ ಬೇರೆ ಬೇರೆಯಾಗಿ ಕೇಳಿ. ಏಳುವಾಗ “ಕುಂಯ್” ಎಂಬ ತೆಳ್ಳಗಿನ ಅಳು ಎಂಜಿನ್ ವೇಗದೊಂದಿಗೆ ಏರಿದರೆ ಪಂಪಿಗೆ ಸಾಕಷ್ಟು ಆಯಿಲ್ ಸಿಗುತ್ತಿಲ್ಲ. ಫಿಲ್ಟರ್ ಕಟ್ಟಿದೆ, ಮಟ್ಟ ಕಡಿಮೆಯಿದೆ, ಅಥವಾ ಸಕ್ಷನ್ ಪೈಪಿನಲ್ಲಿ ಗಾಳಿ ನುಗ್ಗುತ್ತಿದೆ. ಪೂರ್ತಿ ಮೇಲೆ ಎತ್ತಿದಾಗ ಮಾತ್ರ “ಕಿರ್‌ರ್” ಎಂದು ಚೀರಿದರೆ ಅದು ರಿಲೀಫ್ ವಾಲ್ವ್; ಲಿವರನ್ನು ತುಸು ಕೆಳಕ್ಕೆ ತಂದು ಸದ್ದು ನಿಲ್ಲಿಸಿ. ಬಿಡದೆ ಚೀರಿಸುತ್ತಾ ಉಳುಮೆ ಮಾಡಿದರೆ ಆಯಿಲ್ ಕಾದು ಸೀಲುಗಳು ಗಟ್ಟಿಯಾಗುತ್ತವೆ.

ಈಗ ಮಾಲೀಕರ ಆ ಮಾತಿಗೆ ಬರೋಣ. ಬೆಳಿಗ್ಗೆ ತಣ್ಣಗಿದ್ದಾಗ ನಿಧಾನ, ಬಿಸಿಯಾದ ಮೇಲೆ ಸರಿ ಎಂದಾದರೆ ದಪ್ಪಗಿರುವ ಆಯಿಲ್ ಕಟ್ಟಿದ ಫಿಲ್ಟರಿನಲ್ಲಿ ತೂರಲು ಹೆಣಗುತ್ತಿದೆ. ಬಿಸಿಯಾಗಿ ತೆಳುವಾದಾಗ ತೂರುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಇದು ಎದ್ದು ಕಾಣುತ್ತದೆ. ಇದಕ್ಕೆ ತಿರುಗುಮುರುಗಾಗಿ, ಬೆಳಿಗ್ಗೆ ಚೆನ್ನಾಗಿ ಎತ್ತಿ ಮಧ್ಯಾಹ್ನದ ಹೊತ್ತಿಗೆ ಸೋತರೆ, ತೆಳುವಾದ ಆಯಿಲ್ ಸವೆದ ಪಂಪಿನೊಳಗೋ ಸಿಲಿಂಡರ್ ಸೀಲಿನ ಪಕ್ಕದಲ್ಲೋ ನುಸುಳಿ ಹಿಂದಕ್ಕೆ ಹೋಗುತ್ತಿದೆ. ಮೊದಲನೆಯದು ಫಿಲ್ಟರಿನ ಕೆಲಸ, ಎರಡನೆಯದು ಗ್ಯಾರೇಜಿನ ಕೆಲಸ. ಇಷ್ಟು ಅಗ್ಗವಾದ, ಇಷ್ಟು ನಂಬಬಹುದಾದ ಪರೀಕ್ಷೆ ಬೇರೊಂದಿಲ್ಲ.

ಸ್ಟೀರಿಂಗನ್ನೂ ತಿರುಗಿಸಿ ನೋಡಿ. ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ, ಅದೇ ಹೌಸಿಂಗಿನ ಆಯಿಲ್ ಸ್ಟೀರಿಂಗಿಗೂ ಹೋಗುವ ಮಾದರಿಯಾದರೆ, ಲಿಫ್ಟೂ ಸೋತು ಸ್ಟೀರಿಂಗೂ ಬಿಗಿಯಾದಾಗ ಎರಡಕ್ಕೂ ಸಮಾನವಾದ ಆಯಿಲ್, ಫಿಲ್ಟರ್ ಕಡೆಗೆ ಅನುಮಾನ ಹರಿಯಬೇಕು.

ಐದನೆಯ ಹಂತ: ಫಿಲ್ಟರ್ ಮತ್ತು ಗಾಳಿ

ಫಿಲ್ಟರ್ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕು, ಏಕೆಂದರೆ ಕೆಲವು ಗಾಡಿಗಳಲ್ಲಿ ಅದನ್ನು ತೆಗೆದೊಡನೆ ಹೌಸಿಂಗಿನ ಆಯಿಲ್ ಪೂರ್ತಿ ಇಳಿದುಬರುತ್ತದೆ. ಸ್ವಚ್ಛವಾದ ಅಗಲ ಪಾತ್ರೆ, ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಸಾಕಷ್ಟು ಹೊಸ ಆಯಿಲ್ ಕೈಯಲ್ಲಿ ಇಲ್ಲದೆ ಕೈಹಾಕಬೇಡಿ. ತಂತಿ ಜಾಲರಿಯ ಸ್ಟ್ರೈನರ್ ಆದರೆ ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಬಹುದು. ಕಾಗದದ ಫಿಲ್ಟರ್ ಆದರೆ ಬದಲಾಯಿಸಬೇಕು, ತೊಳೆಯುವಂತಿಲ್ಲ. ಜಾಲರಿಯಲ್ಲಿ ಸಿಕ್ಕಿದ್ದನ್ನು ಎಸೆಯುವ ಮೊದಲು ಬಿಳಿ ಕಾಗದದ ಮೇಲೆ ಬಡಿದು ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಸಹಜ ಸವೆತ. ರಬ್ಬರ್ ಚೂರು ಸೀಲ್ ಹರಿದದ್ದರ ಸೂಚನೆ. ಹೊಳೆಯುವ ಲೋಹದ ಚಕ್ಕೆ ಗೇರು ಅಥವಾ ಪಂಪಿನ ಗಂಭೀರ ದೋಷ.

ಸಕ್ಷನ್ ಭಾಗದ ಗಾಳಿ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ನೊರೆ, ಲಿಫ್ಟ್ ಜರ್ಕ್ ಹೊಡೆಯುತ್ತಾ ಏಳುವುದು ಇದರ ಲಕ್ಷಣ. ಎಂಜಿನನ್ನು ನಿಧಾನ ವೇಗದಲ್ಲಿ ಬಿಟ್ಟು, ಫ್ಯಾನ್, ಬೆಲ್ಟ್ ಮತ್ತು ಪಿಟಿಒ ಶಾಫ್ಟಿನಿಂದ ದೂರವಿದ್ದು, ಪಂಪಿಗೆ ಬರುವ ಪೈಪಿನ ಪ್ರತಿ ಜೋಡಣೆಗೂ ಬ್ರಷ್ಷಿನಿಂದ ಗ್ರೀಸ್ ಹಚ್ಚುತ್ತಾ ಬನ್ನಿ. ಯಾವ ಜಾಗಕ್ಕೆ ಹಚ್ಚಿದಾಗ ಪಂಪಿನ ಸದ್ದು ಬದಲಾಗುತ್ತದೋ ಅಲ್ಲೇ ಗಾಳಿ ನುಗ್ಗುತ್ತಿದೆ. ಕ್ಲಾಂಪ್ ಬಿಗಿಸಿದರೆ ಅಥವಾ ಓ-ರಿಂಗ್ ಬದಲಿಸಿದರೆ ಮುಗಿಯಿತು. ಆಮೇಲೆ ಉಪಕರಣವಿಲ್ಲದೆ ಹತ್ತಾರು ಬಾರಿ ಎತ್ತಿ ಇಳಿಸಿದರೆ ಉಳಿದ ಗಾಳಿ ಹೊರಹೋಗುತ್ತದೆ.

ಆರನೆಯ ಹಂತ: ಎತ್ತಿದ್ದು ನಿಲ್ಲುತ್ತಿಲ್ಲವೆಂದಾದರೆ

ಎಂಜಿನ್ ಓಡುತ್ತಿರುವಾಗ ಉಪಕರಣ ಸ್ವಲ್ಪ ಇಳಿದು, ಮತ್ತೆ ತಾನೇ ಎದ್ದು, ಬಿಕ್ಕಳಿಸಿದಂತೆ ಕುಣಿಯುತ್ತಿದ್ದರೆ, ಎಲ್ಲೋ ಆಯಿಲ್ ನುಸುಳುತ್ತಿದೆ. ಪೊಸಿಷನ್ ಕಂಟ್ರೋಲ್ ಅದನ್ನು ಗ್ರಹಿಸಿ ಮತ್ತೆ ಮತ್ತೆ ಸರಿಪಡಿಸುತ್ತಿದೆ. ಎಲ್ಲಿ ನುಸುಳುತ್ತಿದೆ ಎಂಬುದನ್ನು ಒಂದು ಬೋಲ್ಟನ್ನೂ ಬಿಚ್ಚದೆ ಬಹಳ ಮಟ್ಟಿಗೆ ಪತ್ತೆಹಚ್ಚಬಹುದು.

ಉಪಕರಣವನ್ನು ಅರ್ಧ ಎತ್ತರಕ್ಕೆ ಎತ್ತಿ ಎಂಜಿನ್ ನಿಲ್ಲಿಸಿ. ಪಕ್ಕದಲ್ಲಿ ನಿಂತು, ಲಿಫ್ಟ್ ತೋಳಿನ ತುದಿಯಿಂದ ನೆಲಕ್ಕೆ ಎಷ್ಟಿದೆಯೆಂದು ಟೇಪಿನಲ್ಲಿ ಅಳೆದು, ಹತ್ತು ನಿಮಿಷದ ನಂತರ ಮತ್ತೆ ಅಳೆಯಿರಿ. ತುಸು ಇಳಿಯುವುದು ಸಹಜ. ಎಷ್ಟರವರೆಗೆ ಸರಿ ಎಂಬುದು ಆಯಾ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಎರಡನೆಯ ಬಾರಿ ಅದೇ ಎತ್ತರಕ್ಕೆ ಎತ್ತಿ, ಸೀಟಿನ ಕೆಳಗಿನ ವೇಗದ ನಾಬನ್ನು ಪೂರ್ತಿ ಬಿಗಿದು, ಎಂಜಿನ್ ನಿಲ್ಲಿಸಿ ಮತ್ತೆ ಅಳೆಯಿರಿ. ನಾಬ್ ಬಿಗಿದಾಗ ಇಳಿಯುವುದು ನಿಂತರೆ ಸಿಲಿಂಡರ್ ಚೆನ್ನಾಗಿದೆ, ದೋಷ ಕಂಟ್ರೋಲ್ ವಾಲ್ವಿನ ಕಡೆ. ಬಿಗಿದರೂ ಅದೇ ವೇಗದಲ್ಲಿ ಇಳಿಯುತ್ತಿದ್ದರೆ ಸಿಲಿಂಡರಿನ ಪಿಸ್ಟನ್ ಸೀಲ್ ಅಥವಾ ಸಿಲಿಂಡರಿಗೇ ಜೋಡಿಸಿದ ಸೇಫ್ಟಿ ವಾಲ್ವ್ ಸೋತಿದೆ. ನಾಬ್ ಸಿಲಿಂಡರಿಗೂ ಕಂಟ್ರೋಲ್ ವಾಲ್ವಿಗೂ ನಡುವೆ ಕುಳಿತಿರುವುದರಿಂದಲೇ ಈ ವಿಂಗಡಣೆ ಸಾಧ್ಯವಾಗುತ್ತದೆ. ಈ ಎರಡು ಅಳತೆಗಳನ್ನು ಬರೆದುಕೊಟ್ಟರೆ ಮೆಕ್ಯಾನಿಕ್ ವಿನಾಕಾರಣ ಎರಡೂ ಕಡೆ ಬಿಚ್ಚುವುದು ತಪ್ಪುತ್ತದೆ, ಮಾಲೀಕರ ಹಣವೂ ಉಳಿಯುತ್ತದೆ.

ಲಿಫ್ಟ್ ಏಳುವುದೇ ಇಲ್ಲವೆಂದಾದರೆ ಇನ್ನೊಂದು ಪರೀಕ್ಷೆ. ಲಿವರಿನಿಂದ ನಡೆಸುವ ಪ್ರತ್ಯೇಕ ಔಟ್‌ಲೆಟ್ ಇರುವ ಗಾಡಿಯಲ್ಲಿ, ಅದಕ್ಕೆ ಏನೂ ಜೋಡಿಸದೆ, ಅದರ ಲಿವರನ್ನು ಎರಡು ಮೂರು ಸೆಕೆಂಡು ಮಾತ್ರ ಒತ್ತಿ ಹಿಡಿಯಿರಿ. ಎಂಜಿನ್ ದನಿ ಬಿಗಿದು, ರಿಲೀಫ್ ವಾಲ್ವ್ ಚೀರಿದರೆ ಪಂಪು ಒತ್ತಡ ಹುಟ್ಟಿಸುತ್ತಿದೆ, ದೋಷ ಲಿಫ್ಟಿನ ಭಾಗದಲ್ಲಿದೆ. ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡಿದರೆ ಅನುಮಾನ ಪಂಪು, ಸಕ್ಷನ್ ಅಥವಾ ರಿಲೀಫ್ ವಾಲ್ವಿನ ಮೇಲೆ.

ಹೋಸ್ ಪೈಪು ಒಡೆದಿದ್ದರೆ

ಇದೊಂದು ಮಾತ್ರ ಬೆಂಗಳೂರಿನಲ್ಲಿ ಸುಲಭ. ಪೀಣ್ಯದ ಕಡೆ ಹೈಡ್ರಾಲಿಕ್ ಹೋಸ್ ಕತ್ತರಿಸಿ, ತುದಿಗಳನ್ನು ಪ್ರೆಸ್ ಮಾಡಿಕೊಡುವ ಅಂಗಡಿಗಳಿವೆ. ಹಳೆಯ ಹೋಸನ್ನು ಎರಡೂ ತುದಿಗಳ ಸಮೇತ ಒಯ್ಯಿರಿ; ಬರಿಯ ಉದ್ದ ಹೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ) ಮತ್ತು ಮೆಟ್ರಿಕ್ ಥ್ರೆಡ್‌ಗಳು ನೋಡಲು ಒಂದೇ ಥರ ಕಂಡು, ಎರಡು ಸುತ್ತು ಹತ್ತಿ, ಆಮೇಲೆ ಥ್ರೆಡ್ ಕಿತ್ತುಹಾಕುತ್ತವೆ. ಹಳೆಯ ಹೋಸಿನ ಮೇಲೆ ಅಚ್ಚಾದ ದರ್ಜೆ ನೋಡಿ: ಆರ್1 ಎಂದರೆ ಒಂದು ಪದರ ಉಕ್ಕಿನ ತಂತಿ, ಆರ್2 ಎಂದರೆ ಎರಡು ಪದರ. ಇದ್ದದ್ದಕ್ಕಿಂತ ಕಡಿಮೆ ದರ್ಜೆಯದನ್ನು ಹಾಕಿಸಬೇಡಿ. ಒಡೆದ ಹೋಸಿಗೆ ಸೈಕಲ್ ಟ್ಯೂಬ್ ಸುತ್ತಿ, ಕ್ಲಾಂಪ್ ಬಿಗಿದು ಸಂಜೆಯವರೆಗೆ ಓಡಿಸುವ ಜಾಣತನ ಇಲ್ಲಿ ಸಲ್ಲದು. ಕಾರಣ ಆಗಲೇ ಹೇಳಿದ್ದೇನೆ.

ಕೈ ತೆಗೆಯಬೇಕಾದ ಜಾಗ

ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸಿ ಒತ್ತಡ ಹೆಚ್ಚಿಸುವ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಒಪ್ಪಬೇಡಿ. ಒತ್ತಡದ ಗೇಜ್ ಹಾಕದೆ ಅದನ್ನು ತಿರುಗಿಸಿದರೆ ಸವೆದ ಪಂಪು ಚೇತರಿಸಿಕೊಳ್ಳುವುದಿಲ್ಲ, ಆದರೆ ಪಂಪು ಸೀಳುವ, ಹೌಸಿಂಗ್ ಬಿರುಕು ಬಿಡುವ ಸಂಭವ ಮಾತ್ರ ಹೆಚ್ಚುತ್ತದೆ. ಲಿಫ್ಟ್ ಕವರ್ ಎತ್ತುವುದು, ಸ್ಪೂಲ್ ಹೊರತೆಗೆಯುವುದು, ಪಂಪ್ ಬಿಚ್ಚುವುದು ಇವೆಲ್ಲ ಮಾಲೀಕರು ನಂಬುವ ಮೆಕ್ಯಾನಿಕ್‌ಗೆ ಸೇರಿದ್ದು, ನಿಮ್ಮ ಮೆಕ್ಯಾನಿಕ್‌ಗೂ ಅಲ್ಲ. ಹದ ತಪ್ಪುತ್ತದೆ ಎಂಬ ಅವಸರವಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಬೇರೆ ಗಾಡಿ ಸಿಗುತ್ತದೆಯೇ ವಿಚಾರಿಸುವುದು ಲೇಸು.

ಮೆಕ್ಯಾನಿಕ್‌ಗೆ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಡಿ: ಖಾಲಿ ತೋಳು ಎಷ್ಟು ಸೆಕೆಂಡಿನಲ್ಲಿ ಎದ್ದಿತು, ಭಾರ ಕಟ್ಟಿದಾಗ ಎಷ್ಟು, ತಣ್ಣಗಿದ್ದಾಗ ಹೇಗೆ, ಬಿಸಿಯಾದಾಗ ಹೇಗೆ, ಆಯಿಲಿನ ಬಣ್ಣ ಮತ್ತು ಮಟ್ಟ, ನಾಬ್ ತೆರೆದಾಗ ಮತ್ತು ಬಿಗಿದಾಗ ಹತ್ತು ನಿಮಿಷದಲ್ಲಿ ಎಷ್ಟು ಸೆಂಟಿಮೀಟರ್ ಇಳಿಯಿತು, ಸದ್ದು ಯಾವಾಗ ಬಂತು. ಗಾಡಿ ಹಿಂದಿರುಗಿಸುವಾಗ ಈ ಚೀಟಿಯ ಇನ್ನೊಂದು ಪ್ರತಿ, ಹಾಕಿದ ಆಯಿಲಿನ ಡಬ್ಬದ ಫೋಟೊ, ಬದಲಿಸಿದ ಹಳೆಯ ಫಿಲ್ಟರ್ ಅಥವಾ ಹೋಸ್, ಬಿಲ್, ಜೊತೆಗೆ ಆ ಹೊತ್ತಿನ ಗಂಟೆ ಮೀಟರಿನ ಅಂಕಿ ಇವಿಷ್ಟನ್ನೂ ಮಾಲೀಕರ ಕೈಗೆ ಕೊಟ್ಟು, ಅವರೆದುರೇ ಲಿಫ್ಟನ್ನು ಒಮ್ಮೆ ಪೂರ್ತಿ ಎತ್ತಿ ಇಳಿಸಿ ತೋರಿಸಿ, ವೇಗದ ನಾಬನ್ನು ಮೊದಲಿದ್ದ ಸುತ್ತಿಗೆ ತಂದು ನಿಲ್ಲಿಸಿ.